ವಜ್ದಿಗೆ ಬರೆದುಕೊಟ್ಟ ಗುರುತು

ನನ್ನ ತಮ್ಮ ವಜ್ದಿ ಅಂಗಡಿಗೆ ಬಂದಾಗ ನಾನು ಕೋಳಿಯೊಂದಕ್ಕೆ ಬೂಟು ತೊಡಿಸುತ್ತಿದ್ದೆ. ಸುಟ್ಟ ಕೋಳಿ ಮಾರುವ ಗಿರಾಕಿಯೊಬ್ಬನಿಗೆ ಬೋರ್ಡಿನ ಮೇಲೆ ನಗುವ ಕೋಳಿಯೇ ಆಗಬೇಕಿತ್ತು. ಅದಕ್ಕೆ ಬೂಟು ಬೇಕು, ತಲೆಗೆ ಕೆಂಪು ಟೋಪಿ ಬೇಕು, ರೆಕ್ಕೆಯಲ್ಲಿ ತಟ್ಟೆ ಹಿಡಿದಿರಬೇಕು. ಸುಡಿಸಿಕೊಳ್ಳಲು ಹೊರಟ ಕೋಳಿಗೆ ಇಷ್ಟೊಂದು ಖುಷಿ ಯಾಕೆ ಎಂದು ಕೇಳಿದ್ದಕ್ಕೆ ಅವನು ಮುಖ ಊದಿಸಿಕೊಂಡು ಹೋಗಿದ್ದ. ನನ್ನ ಕೆಲಸವೇ ಇಂಥದ್ದು. ಬೋರ್ಡು, ಸ್ಟಿಕ್ಕರು, ಮದುವೆ ಕಾರ್ಡು, ದೋಣಿಯ ಮೂತಿಗೆ ಹೆಸರು. ರಾಜಧಾನಿ ಟ್ಯೂನಿಸ್ ನಗರದವರು ನಮ್ಮನ್ನು ದಕ್ಷಿಣದ ಒರಟರು ಎಂದು ಮೂಗು ಮುರಿಯುತ್ತಾರೆ, ಆದರೆ ಅವರ ಬೇಸಿಗೆ ಮನೆಗಳ ಬಾಗಿಲ ಮೇಲಿನ ಹೆಸರೂ ನನ್ನ ಕಂಪ್ಯೂಟರಿನಿಂದಲೇ ಹೋಗಿದೆ.

"ಸಾಲ್ಹಕ್ಕಾ, ನನಗೊಂದು ಗುರುತು ಮಾಡ್ಕೊಡು" ಎಂದ ವಜ್ದಿ.

"ಯಾವ ಕಂಪನಿಗೆ? ಮಲಗೋರ ಸಂಘ ಶುರು ಮಾಡಿದ್ಯಾ?"

ಅವನಿಗೆ ಕೆಲಸ ಹೋಗಿ ಬಹಳ ಕಾಲವಾಗಿತ್ತು. ಜೆರ್ಬಾ ದ್ವೀಪದ ಹೋಟೆಲಿನಲ್ಲಿ ಬೇಸಿಗೆಯಲ್ಲಿ ತಟ್ಟೆ ಎತ್ತುತ್ತಿದ್ದ, ಬೇಸಿಗೆ ಮುಗಿದ ಮೇಲೆ ಕರೆಯಲಿಲ್ಲ. ಬೇರೆ ದಿನವಾಗಿದ್ದರೆ ನನ್ನ ಮಾತಿಗೆ ತಿರುಗಿ ಕುಟುಕುತ್ತಿದ್ದ. ಅವತ್ತು ಸ್ಟೂಲು ಎಳೆದುಕೊಂಡು ಕೂತ.

"ಹಚ್ಚೆ ಹಾಕಿಸ್ಕೊಳ್ಳೋಕೆ. ಕ್ಷೌರದಂಗಡಿ ನೂರಿ ಹಾಕ್ತಾನೆ. ಅವನ ಹತ್ರ ಇರೋದೆಲ್ಲ ಹುಲಿ, ಚೇಳು, ಗುಲಾಬಿ. ನನಗೆ ನನ್ನದೇ ಬೇಕು."

"ಅಮ್ಮ ನಿನ್ನ ಚರ್ಮ ಸುಲೀತಾಳೆ."

"ಅಜ್ಜಿ ಗಲ್ಲದ ಮೇಲೆ ಹಚ್ಚೆ ಇತ್ತಲ್ಲ, ಅವಳನ್ನ ಯಾರು ಸುಲಿದ್ರು?"

ಅಜ್ಜಿಯ ಕಾಲ ಬೇರೆ. ಆಗ ಹೆಣ್ಣುಮಕ್ಕಳ ಮುಖದ ಮೇಲೆ ಕುಲದ ಗುರುತು ಬರೆಸುತ್ತಿದ್ದರು, ಸಂತೆಯಲ್ಲಿ ಕಳೆದುಹೋದರೆ ಯಾವ ಡೇರೆಯ ಮಗಳು ಎಂದು ಗೊತ್ತಾಗಲಿ ಎಂದು. ಈಗ ಅದನ್ನು ಪಾಪ ಎನ್ನುತ್ತಾರೆ. ನನಗೆ ಪಾಪ ಪುಣ್ಯದ ಗೊಡವೆಯಿಲ್ಲ, ಕೋಳಿಯಿಂದ ಬಿಡುಗಡೆ ಸಿಕ್ಕಿತಲ್ಲ ಎಂದು ಖುಷಿಯೇ ಆಯಿತು. ನನ್ನ ಇಷ್ಟಕ್ಕೆಂದು ಒಂದು ಗೆರೆ ಎಳೆದು ಎಷ್ಟು ವರ್ಷವಾಗಿತ್ತೋ.

"ಏನೇನಿರಬೇಕು ಅದರಲ್ಲಿ?"

"ಅಪ್ಪ, ಅಮ್ಮ, ಅಜ್ಜಿ, ನೀನು. ಎಲ್ರೂ. ಆದ್ರೆ ಹೊರಗಿನವರಿಗೆ ಬರೀ ಒಂದು ಚಿತ್ರ ಅನ್ನಿಸ್ಬೇಕು. ಮನೆಯವರು ನೋಡಿದ ತಕ್ಷಣ ಇದು ನಮ್ಮದು ಅನ್ಬೇಕು."

ಆಮೇಲಿನ ಮಧ್ಯಾಹ್ನಗಳಲ್ಲಿ ಅವನು ನನ್ನ ಪಕ್ಕದಲ್ಲಿ ಕೂತು ಚಹಾ ಹೀರುತ್ತಾ ನೋಡಿದ, ನಾನು ಬರೆದೆ. ಅಪ್ಪ ಬದುಕಿದ್ದಾಗ ಮಣ್ಣಿನ ಗಡಿಗೆಗಳನ್ನು ಹಗ್ಗಕ್ಕೆ ಕಟ್ಟಿ ಕಡಲಿಗೆ ಇಳಿಬಿಟ್ಟು ಆಕ್ಟೋಪಸ್ ಹಿಡಿಯುತ್ತಿದ್ದರು. ಗಡಿಗೆ ಕಂಡರೆ ಆ ಪ್ರಾಣಿ ತಾನಾಗಿಯೇ ಒಳಹೊಕ್ಕು ಸುಖವಾಗಿ ಮಲಗುತ್ತದೆ. ಗಡಿಗೆಯ ಬಾಯಿಯನ್ನು ದಪ್ಪ ವೃತ್ತವಾಗಿ ಬರೆದು ಅದನ್ನೇ ಚೌಕಟ್ಟು ಮಾಡಿದೆ. ಅದರೊಳಗೆ ಅಮ್ಮ ಮಗ್ಗದಲ್ಲಿ ನೇಯುವ ವಜ್ರಾಕಾರ. ಅದರ ನಡುವೆ ಅಜ್ಜಿಯ ಗಲ್ಲದ ಗುರುತು, ಖರ್ಜೂರದ ಗರಿಯಂಥ ಉದ್ದ ಗೆರೆ, ಮೇಲೆ ಮೂರು ಚುಕ್ಕೆ.

"ನೀನೆಲ್ಲಿ ಅಕ್ಕಾ?"

ಅದಕ್ಕೆ ನಾನು ತುಸು ಯೋಚಿಸಬೇಕಾಯಿತು. ನನ್ನ ಕೆಲಸದಲ್ಲಿ ಗೆರೆ ಎಂದರೆ ಶಾಯಿಯ ಗೆರೆಯಲ್ಲ. ಫೋಟೋ ಹಿಗ್ಗಿಸಿದರೆ ಚೌಕ ಚೌಕವಾಗಿ ಒಡೆಯುತ್ತದೆ. ವೆಕ್ಟರ್ ಚಿತ್ರ ಒಡೆಯುವುದಿಲ್ಲ. ಅಲ್ಲಿ ಇರುವುದು ಬಿಂದುಗಳು ಮಾತ್ರ. ಒಂದೊಂದು ಬಿಂದುವಿಗೂ ಎರಡು ತೋಳು, ಆ ತೋಳನ್ನು ಹಿಡಿದು ಎಳೆದರೆ ಗೆರೆ ಬೇಕಾದ ಕಡೆ ಬಾಗುತ್ತದೆ. ಉಗುರಿನ ಮೇಲೆ ಹಾಕಿದರೂ ಅದೇ ಗೆರೆ, ಮಹಡಿ ಮನೆಯ ಗೋಡೆಗೆ ಹಾಕಿದರೂ ಅದೇ. ಎಷ್ಟು ನಕಲು ತೆಗೆದರೂ ಕೂದಲೆಳೆಯಷ್ಟೂ ಸವೆಯುವುದಿಲ್ಲ. ಹಾಗಾಗಿ ವೃತ್ತದ ಕೆಳಗೆ ಒಂದು ಪುಟ್ಟ ಚೌಕ ಇಟ್ಟು, ಅದಕ್ಕೆ ಅತ್ತಿತ್ತ ಎರಡು ತೋಳು ಚಾಚಿಸಿದೆ.

"ಇದು ನಾನು. ನಿಮ್ಮನ್ನೆಲ್ಲ ಎಳೆದು ಸರಿ ಮಾಡೋಳು."

"ಎಳೆದು ಎಳೆದು ಸಾಯಿಸೋಳು" ಎಂದು ನಕ್ಕ.

"ನೀನೆಲ್ಲಿದೀಯ ಇದರಲ್ಲಿ?"

"ನಾನು ಇದನ್ನ ಹೊತ್ಕೊಂಡಿರ್ತೀನಲ್ಲ, ಸಾಕು."

ಚಿತ್ರ ನನಗೇ ಇಷ್ಟವಾಯಿತು. ಇಷ್ಟು ದಿನ ಬೇರೆಯವರ ಕೋಳಿಗೆ ಬೂಟು ಹಾಕಿದ ಕೈಗೆ ಇದೂ ಬರುತ್ತದೆಯಲ್ಲ ಎಂದು ಒಳಗೊಳಗೇ ಉಬ್ಬಿದೆ. ವಜ್ದಿಗೆ ಮಾತ್ರ ತೃಪ್ತಿಯಿಲ್ಲ. ಗೆರೆ ದಪ್ಪ ಮಾಡು ಎಂದ. ಇನ್ನೂ ದಪ್ಪ ಎಂದ.

"ಸಣ್ಣ ಗೆರೆಯೇ ಚೆಂದ ಕಣೋ. ಇಷ್ಟು ದಪ್ಪ ಮಾಡಿದ್ರೆ ಟ್ರ್ಯಾಕ್ಟರ್ ಮೇಲಿನ ಗುರುತಿನ ಥರ ಕಾಣುತ್ತೆ."

"ಕಾಣ್ಲಿ ಬಿಡು. ಮೈ ಉಬ್ಬಿದ್ರೂ ಗೊತ್ತಾಗ್ಬೇಕು."

"ಓಹೋ! ಮದುವೆಯಾಗಿ ಹೊಟ್ಟೆ ಬಿಡೋ ಅಂದಾಜಾ?"

ಚಿತ್ರವನ್ನು ಬಲೂನಿನಂತೆ ಊದಿಸುವ ಉಪಕರಣವೊಂದಿದೆ. ತಮಾಷೆಗೆಂದು ಗುರುತನ್ನು ಹಿಡಿದು ಊದಿಸಿದೆ. ವೃತ್ತ ಕುಂಬಳಕಾಯಿಯಾಯಿತು, ವಜ್ರ ಅಗಲವಾಯಿತು. "ನೋಡು, ಇದು ನಿನ್ನ ನಲವತ್ತನೇ ವಯಸ್ಸು" ಎಂದು ನಾನೊಬ್ಬಳೇ ನಕ್ಕೆ.

"ಇನ್ನೂ ಊದಿಸು" ಎಂದ ಅವನು.

ಊದಿಸಿದೆ.

"ಇನ್ನೂ. ಆ ಮೂರು ಚುಕ್ಕೆ ಕೂಡ್ಕೊಳ್ತಿವೆ ನೋಡು. ದೂರ ದೂರ ಇಡು." ಮುಖ ಪರದೆಗೆ ತಾಗುವಷ್ಟು ಹತ್ತಿರ ತಂದಿದ್ದ. "ಈಗ ಅಂಚು ಹರಿದ ಹಾಗೆ ಮಾಡಕ್ಕಾಗುತ್ತಾ? ಬಹಳ ದಿನ ನೀರಲ್ಲಿ ನೆನೆದಿರೋ ಹಾಗೆ?"

ಮೌಸು ಬಿಟ್ಟು ಅವನ ಕಡೆ ತಿರುಗಿದೆ. ಅಂಗಡಿಯ ಹೊರಗೆ ಯಾರೋ ಪುದೀನ ಮಾರುತ್ತಾ ಕೂಗುತ್ತಿದ್ದರು. ಇದನ್ನು ಯಾಕೆ ಇಷ್ಟು ದಿನ ಊಹಿಸಲಿಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ನಮ್ಮೂರಿನ ಹುಡುಗರು ಕೆಲಸಕ್ಕೆಂದು ಕದ್ದುಮುಚ್ಚಿ ಇಟಲಿಗೆ ದೋಣಿ ಹತ್ತುವುದು ಯಾರಿಗೂ ಹೊಸದಲ್ಲ. ಹೋದ ಚಳಿಗಾಲದಲ್ಲಿ ಹಿಂದಿನ ಬೀದಿಯ ಮುನ್ಸಿಫ್ ಹೋದ. ಅವನ ಹೆಣ ನಮ್ಮದೇ ಕಡಲ ದಂಡೆಗೆ ಬಂದು ಬಿದ್ದಾಗ ಯಾರೆಂದು ಯಾರಿಗೂ ತಿಳಿಯಲಿಲ್ಲ. ಊರ ಹೊರಗೆ ಅಪರಿಚಿತರ ಮಸಣದಲ್ಲಿ ಹೂತುಬಿಟ್ಟರು. ಆಮೇಲೆ ಯಾರೋ ತೆಗೆದಿದ್ದ ಪ್ಯಾಂಟಿನ ಫೋಟೋ ನೋಡಿ ಅವನ ತಾಯಿ ತನ್ನ ಕೈಯ ಹೊಲಿಗೆ ಗುರುತಿಸಿದಳು. ಅಷ್ಟು ಹೊತ್ತಿಗೆ ಯಾವ ಗುಂಡಿ ಯಾರದ್ದು ಎಂಬುದೇ ಕಲಸಿಹೋಗಿತ್ತು.

"ಯಾವಾಗ ಹೋಗ್ತಿದೀಯ?" ಎಂದೆ.

"ಎಲ್ಲಿಗೆ?"

"ವಜ್ದಿ, ಕಪಾಳಕ್ಕೆ ಬಾರಿಸ್ತೀನಿ."

ಅವನು ಚಹಾದ ಲೋಟ ಕೆಳಗಿಟ್ಟ. "ಗಾಳಿ ಇಳಿದ ಮೇಲೆ. ಪಕ್ಕದ್ಮನೆ ಗೈಥ್ ಬರ್ತಿದಾನೆ. ಇನ್ನೂ ಕೆಲವರಿದಾರೆ, ಬೇರೆ ಊರಿನವರು."

ನಾನು ಕಂಪ್ಯೂಟರ್ ಮುಚ್ಚಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅಪ್ಪನ ಹೆಸರು ಎತ್ತಿದೆ, ಅಮ್ಮನ ರಕ್ತದೊತ್ತಡ ಎತ್ತಿದೆ, ಅಂಗಡಿಯಲ್ಲೇ ಕೆಲಸ ಮಾಡು ಎಂದು ಅಂಗಲಾಚಿದೆ. ಅವನು ನೆಲ ನೋಡುತ್ತಾ ಕೇಳಿಸಿಕೊಂಡ.

"ನೀನು ಬರೆದ್ಕೊಡದಿದ್ರೂ ಹೋಗ್ತೀನಿ ಅಕ್ಕಾ. ಮುನ್ಸಿಫನ ಅಮ್ಮ ಶುಕ್ರವಾರ ಶುಕ್ರವಾರ ಏನ್ಮಾಡ್ತಾಳೆ ಹೇಳು?"

ಇಬ್ಬರಿಗೂ ಗೊತ್ತಿತ್ತು. ಆಕೆ ಕೊಡ ಹೊತ್ತುಕೊಂಡು ಆ ಮಸಣಕ್ಕೆ ಹೋಗಿ, ಎಲ್ಲ ಗುಂಡಿಗಳ ಮೇಲೂ ಒಂದಿಷ್ಟೊಂದಿಷ್ಟು ನೀರು ಚಿಮುಕಿಸುತ್ತಾಳೆ.

"ಅಮ್ಮನಿಗೆ ಆ ಗತಿ ಬೇಡ" ಎಂದ. "ನನ್ನ ಮುಖ ಹೋದ್ರೂ ಈ ಗುರುತು ನೋಡಿ, ಹೌದು ನನ್ನ ಮಗ ಅಂತ ಒಂದೇ ಮಾತಲ್ಲಿ ಹೇಳ್ಬೇಕು. ಹೂತು, ಅತ್ತು, ಮುಗಿಸ್ಬೇಕು. ಎದೆ ಮೇಲ್ಗಡೆ ಹಾಕಿಸ್ತೀನಿ, ಅಲ್ಲಿ ಉಳಿಯುತ್ತಂತೆ."

ಅಮ್ಮನಿಗೆ ಹೇಳಿದೆ. ಅಮ್ಮ ಎದೆ ಬಡಿದುಕೊಂಡಳು, ಅವನ ಕಾಲು ಹಿಡಿದಳು, ಕಡೆಗೆ ಅವನ ಬೂಟುಗಳನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಳು. ಅವನು ಹವಾಯಿ ಚಪ್ಪಲಿಯಲ್ಲೇ ಊರು ತಿರುಗಿದ. ಪೊಲೀಸರಿಗೆ ಹೇಳೋಣವೇ ಎಂದು ನಾನು ಕೇಳಿದ್ದಕ್ಕೆ ಅಮ್ಮ, "ಜೈಲಿಗೆ ಹಾಕ್ಸಿದ್ರೆ ಬಿಡುಗಡೆಯಾದ ದಿನವೇ ಹೋಗ್ತಾನೆ, ನಮ್ಮ ಮುಖ ನೋಡದೇ ಹೋಗ್ತಾನೆ" ಎಂದಳು. ನಮ್ಮ ಬೀದಿಯಲ್ಲಿ ಹಾಗೆ ಹೋದವರಿದ್ದರು.

ನಾನು ಕಾಲ ತಳ್ಳಿದೆ. ಗೆರೆ ಸರಿಯಿಲ್ಲ ಎಂದೆ, ಚುಕ್ಕೆ ದೊಡ್ಡದಾಯಿತು ಎಂದೆ, ಸಿಸ್ಟಮ್ ಕೈಕೊಟ್ಟಿತು ಎಂದೆ. ಬಿಂದುಗಳನ್ನು ಸುಮ್ಮನೆ ಅಲ್ಲಿಂದಿಲ್ಲಿಗೆ ಎಳೆಯುತ್ತಾ ಕೂರುತ್ತಿದ್ದೆ. ಆದರೆ ಕಡಲು ನನ್ನ ಕುಂಟುನೆಪ ಕೇಳಬೇಕಲ್ಲ. ಗಾಳಿ ಇಳಿಯಿತು. ನೀರು ಎಣ್ಣೆ ಹೊಯ್ದ ಹಾಗೆ ನಿಂತುಬಿಟ್ಟಿತು, ದಂಡೆಯಲ್ಲಿ ಹುಡುಗರ ಪಿಸುಮಾತು ಹೆಚ್ಚಾಯಿತು. ಇವನು ಗುರುತಿಲ್ಲದೇ ಹೊರಟುಬಿಟ್ಟರೆ ಎಂಬ ಹೆದರಿಕೆ, ಹೊರಡುತ್ತಾನೆ ಎಂಬ ಹೆದರಿಕೆಗಿಂತ ದೊಡ್ಡದಾಗಿ ನನ್ನನ್ನು ಕಿತ್ತು ತಿನ್ನತೊಡಗಿತು. ಚುಕ್ಕೆಗಳನ್ನು ದೂರ ಇಟ್ಟೆ. ಗೆರೆಗಳನ್ನೆಲ್ಲ ಬೆಸೆದು ಒಂದೇ ಆಕಾರ ಮಾಡಿದೆ. ಊದಿಸಿ ನೋಡಿದೆ, ಅಂಚು ಹರಿದು ನೋಡಿದೆ, ಅರ್ಧ ಅಳಿಸಿ ನೋಡಿದೆ. ಅರ್ಧ ಉಳಿದರೂ ಅದು ನಮ್ಮ ಮನೆಯದ್ದೇ ಎಂದು ಕುರುಡಿಯೂ ಹೇಳಬೇಕು, ಹಾಗೆ ಮಾಡಿದೆ. ಇಷ್ಟು ಕಾಳಜಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಕಡತವನ್ನು ಅವನ ಫೋನಿಗೆ ಕಳಿಸಿ, ಕಿವಿ ಹಿಡಿದು ಹೇಳಿದೆ: "ನೂರಿಗೆ ಬಿಟ್ಟು ಯಾರಿಗೂ ತೋರಿಸ್ಬೇಡ. ಇದು ಲೋಕದಲ್ಲಿ ಒಬ್ಬನ ಮೈಮೇಲೆ ಮಾತ್ರ ಇರ್ಬೇಕು. ತಿಳೀತಾ?"

"ಆಯ್ತು ತಾಯಿ" ಎಂದ. ಆ ಹೊತ್ತು ಅವನ ಕಣ್ಣಲ್ಲಿ ನೀರಿತ್ತು, ಕಿವಿ ಹಿಂಡಿದ್ದಕ್ಕೋ ಏನೋ.

ಒಂದು ಮುಂಜಾನೆ ಎದ್ದಾಗ ಅವನ ಹಾಸಿಗೆ ಮಡಿಸಿಟ್ಟಿತ್ತು. ಹುಟ್ಟಿದಾಗಿನಿಂದ ಅವನು ಹಾಸಿಗೆ ಮಡಿಸಿದವನಲ್ಲ. ಅಮ್ಮ ಅದನ್ನು ನೋಡಿದವಳೇ ಬಕೆಟ್ಟು ತುಂಬಿಕೊಂಡು ಬರಿಗಾಲಲ್ಲಿ ಬೀದಿಗೆ ಓಡಿದಳು. ಪ್ರಯಾಣ ಹೊರಟವರ ಬೆನ್ನಿಗೆ ನೀರು ಚೆಲ್ಲಿದರೆ ತಿರುಗಿ ಬರುತ್ತಾರೆ ಎಂದು ನಾವು ಚೆಲ್ಲುತ್ತೇವೆ. ಬೆನ್ನು ಎಲ್ಲಿತ್ತು? ಖಾಲಿ ಬೀದಿಗೆ ಬಕೆಟ್ಟು ಸುರಿದು ಅಲ್ಲೇ ಕೂತಳು. ಪಕ್ಕದ ಮನೆಯ ಬಾಗಿಲಲ್ಲಿ ಜಾಜಿಯಾ ಚಿಕ್ಕಮ್ಮ, ಗೈಥನ ತಾಯಿ, ಅವಳೂ ಬಕೆಟ್ಟು ಹಿಡಿದು ನಿಂತಿದ್ದಳು. ಇಬ್ಬರ ನೀರೂ ಒಂದೇ ಕಡೆ ಹರಿದು ಚರಂಡಿ ಸೇರಿತು.

ಆಚೆ ದಡ ಮುಟ್ಟಿದ ಹುಡುಗರು ಮೊದಲು ಮಾಡುವ ಕೆಲಸ ಮನೆಗೆ ಫೋನು. ಫೋನು ಬರಲಿಲ್ಲ. ಆ ದಿನಗಳಲ್ಲಿ ಅಮ್ಮ ಮತ್ತು ಜಾಜಿಯಾ ಚಿಕ್ಕಮ್ಮ ಒಂದೇ ಜೀವದಂತೆ ಇದ್ದರು. ಒಬ್ಬಳು ರೊಟ್ಟಿ ಸುಟ್ಟರೆ ಅರ್ಧ ಗೋಡೆ ದಾಟಿ ಇನ್ನೊಬ್ಬಳ ಮನೆಗೆ. ಒಬ್ಬಳ ಫೋನು ಸದ್ದಾದರೆ ಇನ್ನೊಬ್ಬಳು ಓಡಿ ಬರುತ್ತಿದ್ದಳು. ಗಾಳಿ ಮತ್ತೆ ಎದ್ದಿತು, ಕಡಲು ಬೂದುಬಣ್ಣಕ್ಕೆ ತಿರುಗಿತು. ನಾನು ಗುರುತನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಕಡಲ ಕಾವಲಿನವರ ಠಾಣೆಗೆ ಕೊಟ್ಟುಬಂದೆ. ಎದೆಯ ಮೇಲೆ ಇದಿದ್ದರೆ ನಮಗೆ ತಿಳಿಸಿ ಎಂದೆ. ಆ ಕಾಗದ ಮೇಜಿನ ಮೇಲಿಟ್ಟಾಗ ನನ್ನ ತಮ್ಮನ ಹೆಣಕ್ಕೆ ನಾನೇ ಜಾಗ ಕಾದಿರಿಸಿದ ಹಾಗನ್ನಿಸಿತು.

ಅವರು ಕರೆದರು.

ಆಸ್ಪತ್ರೆಯ ಹಿಂಬದಿಯ ಕೋಣೆಯ ಎದುರು ಬೆಂಚಿತ್ತು. ಅಮ್ಮನನ್ನು ಹಿಡಿದುಕೊಂಡು ಹೋದರೆ ಆ ಬೆಂಚಿನ ಮೇಲೆ ಜಾಜಿಯಾ ಚಿಕ್ಕಮ್ಮ ಆಗಲೇ ಕೂತಿದ್ದಳು. ನಮಗೆ ಜೊತೆಯಾಗಲು ಬಂದಿದ್ದಾಳೆ ಎಂದುಕೊಂಡೆ. ವಯಸ್ಸಾದ ಅಧಿಕಾರಿಯೊಬ್ಬ ಹೊರಬಂದ, ಒಳ್ಳೆಯ ಮನುಷ್ಯ, ನಮ್ಮ ಮುಖ ನೋಡಲಾಗದೆ ಗೋಡೆ ನೋಡುತ್ತಿದ್ದ.

"ಒಬ್ಬ ಹುಡುಗ ದಂಡೆಗೆ ಬಂದಿದಾನೆ ತಾಯಿ. ಮುಖ ನೋಡೋ ಸ್ಥಿತೀಲಿಲ್ಲ. ಗುರುತು ಮಾತ್ರ ಇದೆ. ಆದ್ರೆ..." ಎಂದು ಎರಡು ಕಾಗದ ಮುಂದೆ ಹಿಡಿದ. "ನೀವಿಬ್ರೂ ಒಂದೇ ಚಿತ್ರ ಕೊಟ್ಟಿದೀರಿ."

ಒಂದು ನಾನು ಕೊಟ್ಟ ಪ್ರಿಂಟು. ಇನ್ನೊಂದು ಜಾಜಿಯಾ ಚಿಕ್ಕಮ್ಮ ಮಗನ ಎದೆಯನ್ನು ಫೋನಿನಲ್ಲಿ ಹಿಡಿದಿದ್ದ ಚಿತ್ರ. ಗಡಿಗೆಯ ಬಾಯಿ, ಅಮ್ಮನ ವಜ್ರ, ಅಜ್ಜಿಯ ಗರಿ, ಕೆಳಗೆ ತೋಳು ಚಾಚಿದ ನಾನು. ಗೈಥನ ಎದೆಯ ಮೇಲೆ.

ಅಧಿಕಾರಿ ತನ್ನ ಫೋನಿನಲ್ಲಿ ಮೂರನೆಯ ಚಿತ್ರ ತೋರಿಸಿದ. ಬೂದು ಚರ್ಮದ ಒಂದು ತುಂಡು ಜಾಗ, ಅಷ್ಟೇ. ಊದಿತ್ತು, ಅಂಚು ಹರಿದಿತ್ತು. ನಾನು ಪರದೆಯ ಮೇಲೆ ಮಾಡಿ ನೋಡಿದ್ದೆನಲ್ಲ, ಹಾಗೇ ಇತ್ತು. ಮೂರು ಚುಕ್ಕೆ ಮೂರಾಗಿಯೇ ಉಳಿದಿದ್ದವು.

ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಸ್ಪಷ್ಟವಾಗಿ ಹೇಳಿದಳು: "ಇದು ನನ್ನ ಮಗ ಅಲ್ಲ. ಜಾಜಿಯಾ, ಧೈರ್ಯ ತಂದ್ಕೊಳ್ಳೇ. ನಿನ್ನ ಗೈಥು."

ಜಾಜಿಯಾ ಚಿಕ್ಕಮ್ಮ ಬೆಂಚಿನಿಂದ ಎದ್ದು ಅಮ್ಮನ ಕಡೆ ತಿರುಗಿದಳು. "ನನ್ನ ಗೈಥು? ಯಾಕೆ ನನ್ನ ಗೈಥು? ಇದು ನಿಮ್ಮನೆ ಗುರುತು ಮಹ್ಬೂಬಕ್ಕಾ. ನಿಮ್ಮಮ್ಮನ ಗಲ್ಲದ ಮೇಲಿದ್ದಿದ್ದು. ನಿಮ್ಮನೆ ಹೆಣ ನಿಮ್ಮನೆಗೆ ತಗೊಂಡ್ಹೋಗಿ."

"ನಿನ್ನ ಬಾಯಲ್ಲಿ ಹುಳ ಬೀಳ! ನನ್ನ ಮಗ ಬದುಕಿದಾನೆ."

"ನನ್ನ ಮಗ ಏನು ಕಲ್ಲೇನೇ?"

ನರ್ಸು ಓಡಿ ಬಂದಳು. ಅಧಿಕಾರಿ ಇಬ್ಬರ ನಡುವೆ ನಿಂತು ಕೈ ಮುಗಿಯುವ ಹಾಗೆ ಹೇಳಿದ, ಬಾಯಿಯ ಎಂಜಲು ಒಂದಿಷ್ಟು ಕೊಟ್ಟರೆ ಸಾಕು, ರಕ್ತಸಂಬಂಧ ಗೊತ್ತಾಗುತ್ತದೆ ಎಂದು. ಅಮ್ಮ ತುಟಿ ಬಿಗಿದು ತಲೆ ಆಡಿಸಿದಳು. ಜಾಜಿಯಾ ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಟುಹೋದರು. ಶುಕ್ರವಾರ ಹೂಳಬೇಕಾಗುತ್ತದೆ, ಇಲ್ಲಿ ಜಾಗವಿಲ್ಲ ಎಂದು ಅಧಿಕಾರಿ ನನಗೆ ಹೇಳಿದ. ಎಲ್ಲಿ ಎಂದು ನಾನು ಕೇಳಲಿಲ್ಲ. ಹೆಸರಿಲ್ಲದವರಿಗೆ ಇರುವುದು ಒಂದೇ ಜಾಗ.

ನಾನು ನೆಟ್ಟಗೆ ಕ್ಷೌರದಂಗಡಿಗೆ ಹೋಗಿ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯ ಎದುರೇ ನೂರಿಯ ಕೊರಳಪಟ್ಟಿ ಹಿಡಿದೆ.

"ಎಷ್ಟು ಜನಕ್ಕೆ ಹಾಕ್ದೆ?"

"ಸಾಲ್ಹಕ್ಕಾ, ಬಿಡು... ದೋಣೀಲಿದ್ದೋರಿಗೆಲ್ಲ ಹಾಕ್ದೆ. ವಜ್ದೀನೇ ಕರ್ಕೊಂಡು ಬಂದ."

"ಸುಳ್ಳು ಬೊಗಳ್ಬೇಡ. ಯಾರಿಗೂ ಕೊಡ್ಬೇಡ ಅಂತ ಹೇಳಿದ್ದೆ ಅವನಿಗೆ."

"ಅಲ್ಲಾಹನಾಣೆ. ಅವರು ಕೇಳಿದ್ರು, ಇವನಿಗೆ ಇಲ್ಲ ಅನ್ನಕ್ಕಾಗ್ಲಿಲ್ಲ. ನಮ್ಮ ಹುಡುಗ್ರು ನಿನಗೆ ಗೊತ್ತಿಲ್ವಾ? ಒಬ್ಬ ತಲೆ ಬೋಳಿಸಿದ್ರೆ ಎಲ್ಲರೂ ಬೋಳಿಸ್ತಾರೆ. ಒಬ್ಬನಿಗೆ ಮಾತ್ರ ರಕ್ಷೆ ಇದ್ದು ಮಿಕ್ಕೋರಿಗೆ ಇಲ್ಲದಿದ್ರೆ ಹೆಂಗೆ ಅಂದ ವಜ್ದಿ. ಒಂದೇ ದೋಣಿ, ಒಂದೇ ಮನೆ ಅಂದ."

"ಗೆರೆಯಲ್ಲಿ ಏನಾದ್ರೂ ವ್ಯತ್ಯಾಸ ಇತ್ತಾ? ನಿನ್ನ ಕೈ ನಡುಗಿದ್ದು, ಒಂದು ಚುಕ್ಕೆ ಹೆಚ್ಚು ಕಡಿಮೆ?"

ನೂರಿಗೆ ಅವಮಾನವಾಯಿತು. "ನನ್ನ ಕೈಯಾ? ಒಂದೇ ಕಡತ, ಒಂದೇ ಅಚ್ಚು. ಅಚ್ಚಿನ ಮೇಲೇ ಸೂಜಿ ಓಡಿಸ್ದೆ. ಕೂದಲೆಳೆ ಆಚೀಚೆ ಇಲ್ಲ."

ಕೊರಳಪಟ್ಟಿ ಬಿಟ್ಟೆ. ವಜ್ದಿಯ ಮೇಲೆ ಬಂದ ಕೋಪವನ್ನು ಎಲ್ಲಿ ಇಳಿಸಲಿ? ರೊಟ್ಟಿ ಹಂಚಿಕೊಂಡ ಹಾಗೆ ಹಂಚಿದ್ದ. ಬೈಯಬೇಕೆಂದರೆ ಬೈಗುಳ ಬರಲಿಲ್ಲ, ಅಳು ಬಂತು. ಅಂಗಡಿಯಲ್ಲಿದ್ದ ಗಂಡಸರೆಲ್ಲ ಕನ್ನಡಿ ನೋಡುತ್ತಾ ಕೂತರು.

ಸಂಜೆಯ ಹೊತ್ತಿಗೆ ಗೋಡೆಯಾಚೆಯ ರೊಟ್ಟಿ ನಿಂತಿತ್ತು. ಅಮ್ಮ ಮಗ್ಗದ ಮುಂದೆ ಕೂತಿದ್ದಳು, ಕೈ ಆಡುತ್ತಿರಲಿಲ್ಲ. ನೂರಿ ಹೇಳಿದ್ದನ್ನೆಲ್ಲ ಹೇಳಿದೆ.

"ಸಾಲ್ಹಾ, ಬಾ ಇಲ್ಲಿ. ನೀನು ವಜ್ದಿಗೆ ಅಂತ ಬರೆದಿದ್ದರಲ್ಲಿ ಏನೋ ಒಂದು ಬೇರೆ ಇಟ್ಟಿರ್ತೀಯಲ್ಲ? ಮಿಕ್ಕೋರಿಗೆ ಇಲ್ಲದ್ದು?"

"ಇಲ್ಲ ಯಮ್ಮಾ."

"ಇತ್ತು. ನೆನಪು ಮಾಡ್ಕೋ. ಒಂದು ಚುಕ್ಕೆನೋ, ಒಂದು ಗೆರೆನೋ. ನೀನು ಬರೆದೋಳು, ನೀನು ಹೇಳಿದ್ರೆ ಆ ಅಧಿಕಾರಿ ನಂಬ್ತಾನೆ. ನನ್ನ ತಮ್ಮನಿಗೆ ನಾಲ್ಕು ಚುಕ್ಕೆ ಇಟ್ಟಿದ್ದೆ, ಇದರಲ್ಲಿ ಮೂರೇ ಇದೆ ಅಂತ ಹೇಳು. ಸಾಕು."

"ಹಂಗಂದ್ರೆ ಅದು ಗೈಥ್ ಆಗ್ತಾನೆ ಯಮ್ಮಾ."

ಅಮ್ಮ ನನ್ನ ಮುಖ ನೋಡಲಿಲ್ಲ. "ಯಾರೋ ಒಬ್ರು ಆಗ್ಲೇಬೇಕಲ್ಲ" ಎಂದಳು.

ಇವಳು ಗೈಥನಿಗೆ ಹಾಲು ಕೊಟ್ಟವಳು. ಜಾಜಿಯಾ ಚಿಕ್ಕಮ್ಮನಿಗೆ ಬಾಣಂತನದಲ್ಲಿ ಜ್ವರ ಬಂದಾಗ ವಜ್ದಿಯನ್ನು ಒಂದು ತೊಡೆಗೆ, ಗೈಥನನ್ನು ಇನ್ನೊಂದು ತೊಡೆಗೆ ಹಾಕಿಕೊಂಡು ಸಾಕಿದವಳು. ನನಗೆ ಅಮ್ಮನನ್ನು ಕಂಡು ಮೊದಲ ಸಲ ಭಯವಾಯಿತು. ಭಯ ಯಾಕೆಂದರೆ, ಆಸ್ಪತ್ರೆಯ ಬೆಂಚಿನ ಹತ್ತಿರ ನಿಂತಾಗ ನಾನೂ ಅದನ್ನೇ ಬೇಡಿಕೊಂಡಿದ್ದೆ. ಗೈಥ್ ಆಗಿರಲಿ, ದೇವರೇ, ಗೈಥ್ ಆಗಿರಲಿ ಎಂದು.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಜಾಜಿಯಾ ಚಿಕ್ಕಮ್ಮ ಬಂದಳು. ಕೂರು ಎಂದರೂ ಕೂರಲಿಲ್ಲ.

"ನೀನು ಓದಿದೋಳು. ನಾನು ಕೇಳೋದಿಷ್ಟೇ. ಗೈಥಂದು ಸ್ವಲ್ಪ ಬೇರೆ ಇತ್ತು ಅಂತ ಹೇಳ್ಬಿಡು. ಕೆಳಗಿರೋ ಆ ತೋಳಿಂದು, ನೀನಂತಲ್ಲ ಅದು, ಗೈಥಂಗೆ ಅದು ಇರ್ಲಿಲ್ಲ ಅನ್ನು."

"ಚಿಕ್ಕಮ್ಮ, ನೀವೇ ಕೊಟ್ಟಿರೋ ಫೋಟೋದಲ್ಲಿ ಇದೆ."

"ಫೋಟೋ ಸರಿಯಾಗಿ ಬಂದಿಲ್ಲ ಅನ್ನು!" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಬೆರಳುಗಳು ಮಂಜುಗಡ್ಡೆಯ ಹಾಗಿದ್ದವು. "ನಿಮ್ಮಮ್ಮನಿಗೆ ನೀನಿದೀಯ. ನನಗೆ ಯಾರಿದಾರೆ?"

ಅವಳು ಹೋದ ಮೇಲೆ ಕಂಪ್ಯೂಟರಿನಲ್ಲಿ ಆ ಕಡತ ತೆರೆದೆ. ನಾಲ್ಕನೆಯ ಚುಕ್ಕೆ ಇಡುವುದು ಎಷ್ಟು ಹೊತ್ತಿನ ಕೆಲಸ? ಇಟ್ಟೆ. ಇಟ್ಟು ನೋಡಿದೆ. ಚೆನ್ನಾಗಿಯೇ ಇತ್ತು, ಮೊದಲಿನಿಂದ ಅಲ್ಲೇ ಇದ್ದ ಹಾಗೆ. ಇದನ್ನು ಪ್ರಿಂಟ್ ಹಾಕಿ ಅಧಿಕಾರಿಯ ಮುಂದಿಟ್ಟರೆ, ನಿಜವಾದದ್ದು ಇದು, ಮೊನ್ನೆ ಕೊಟ್ಟದ್ದು ಹಳೆಯ ಕರಡು ಎಂದರೆ, ಮುಗಿಯಿತು. ಅಮ್ಮ ಮಗ್ಗ ಆಡಿಸುತ್ತಾಳೆ. ಫೋನು ಸದ್ದಾದಾಗಲೆಲ್ಲ ಓಡುತ್ತಾಳೆ, ಮುದುಕಿಯಾಗುವವರೆಗೆ ಓಡುತ್ತಾಳೆ. ಗೋಡೆಯಾಚೆ ಜಾಜಿಯಾ ಚಿಕ್ಕಮ್ಮ ಯಾರದೋ ಹೆಣಕ್ಕೆ ಸ್ನಾನ ಮಾಡಿಸಿ, ಮಗ ಎಂದು ಅಳುತ್ತಾಳೆ. ಸುಮ್ಮನಿದ್ದುಬಿಟ್ಟರೂ ಆಯಿತು, ಆಗ ಇಬ್ಬರೂ ಮಸಣಕ್ಕೆ ಕೊಡ ಹೊರುತ್ತಾರೆ, ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ. ವಜ್ದಿ ಬೇಡ ಎಂದದ್ದು ಇದನ್ನೇ ತಾನೇ?

ಚುಕ್ಕೆ ಅಳಿಸಿದೆ. ಶಟರ್ ಎಳೆದು ಆಸ್ಪತ್ರೆಗೆ ನಡೆದೆ. ಗಾಳಿ ಜೋರಾಗಿತ್ತು, ಬೀದಿಯ ತುಂಬ ಮರಳು ಹಾರುತ್ತಿತ್ತು. ಕಡಲಿನ ಕಡೆ ನೋಡಲಿಲ್ಲ. ಅಲ್ಲಿ ಇನ್ನೂ ಎಷ್ಟು ನನ್ನ ಗೆರೆಗಳು ತೇಲುತ್ತಿವೆಯೋ, ಯಾವ ಯಾವ ದಂಡೆಗೆ ಹೊರಟಿವೆಯೋ.

ಅಧಿಕಾರಿ ಅದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಬರೆದೋರು ನೀವೇ ಅಂತ ಆ ಇನ್ನೊಬ್ಬ ತಾಯಿ ಹೇಳಿದ್ರು. ನಿಮಗೆ ಗೊತ್ತಾಗ್ಬೇಕಲ್ಲಮ್ಮಾ. ಇಬ್ರ ಗುರುತಲ್ಲಿ ಏನಾದ್ರೂ ವ್ಯತ್ಯಾಸ ಇದೆಯಾ?"

"ಇಲ್ಲ" ಎಂದೆ. "ಆ ದೋಣೀಲಿದ್ದೋರದ್ದೆಲ್ಲ ಒಂದೇ."

"ನೋಡಿ, ಖಂಡಿತಾನಾ?"

"ಖಂಡಿತ. ಒಡಹುಟ್ಟಿದೋಳ ಎಂಜಲು ಆಗುತ್ತಾ?"

"ಆಗುತ್ತೆ. ಮನೇಲಿ ಕೇಳಿದೀರಾ?"

ನಾನು ಬೆಂಚಿನ ಮೇಲೆ ಕೂತೆ. ಅವನು ಒಳಗೆ ಹೋಗಿ ನರ್ಸನ್ನು ಕರೆತಂದ. ಅವಳು ಕೈಗವಸು ಹಾಕಿಕೊಂಡು, ಹತ್ತಿ ಸುತ್ತಿದ ಉದ್ದ ಕಡ್ಡಿಯೊಂದನ್ನು ಕವರಿನಿಂದ ತೆಗೆದಳು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ತಣ್ಣನೆಯ ಗಾಳಿ ನನ್ನ ಪಾದಕ್ಕೆ ತಾಗುತ್ತಿತ್ತು.

"ಬಾಯಿ ತೆಗೀರಿ" ಎಂದಳು.

ಅಮ್ಮ ಇಲ್ಲೇ ಬಾಯಿ ಬಿಗಿದುಕೊಂಡಿದ್ದಳು. ನಾನು ತೆರೆದೆ.